ಬಿಸಿ ಸಾಂಬಾರು ತುಂಬಿದ ತೆಳು ಚೀಲ

ಪ್ರಶ್ನೆ: ನಾವು ಕುಂದಾಪುರದ ಕಡೆಯವರು. ಮುಂಬಯಿ ಹತ್ತಿರದ ಡೊಂಬಿವಲಿಗೆ ಬಂದು ಮೂವತ್ತು ವರ್ಷವಾಯಿತು. ಭಾವನವರು ಸ್ಟೇಷನ್ ಹತ್ತಿರ ಸಣ್ಣ ಉಡುಪಿ ಹೋಟೆಲು ನಡೆಸುತ್ತಾರೆ. ನನ್ನ ಮಗಳು ಈಗ ನಾಲ್ಕು ತಿಂಗಳ ಬಸುರಿ. ಕಚೇರಿಯಿಂದ ಬರುವಾಗ ದಿನವೂ ಅಲ್ಲಿಂದ ಇಡ್ಲಿ ಸಾಂಬಾರು ಕಟ್ಟಿಸಿಕೊಂಡು ಬರುತ್ತಾಳೆ. ಸಾಂಬಾರು ತೆಳು ಪ್ಲಾಸ್ಟಿಕ್ ಚೀಲದಲ್ಲಿ ಬರುತ್ತದೆ. ಕರ್ನಾಟಕದಲ್ಲಿ ಇಡ್ಲಿ ತಟ್ಟೆಗೆ ಪ್ಲಾಸ್ಟಿಕ್ ಹಾಳೆ ಹಾಸುವುದನ್ನು ನಿಷೇಧಿಸಿದ ಸುದ್ದಿ ಓದಿ, ಹೋಗಿ ನೋಡಿದರೆ ಭಾವನ ಅಡುಗೆಮನೆಯಲ್ಲೂ ಅದೇ ಹಾಳೆ. ಕೇಳಿದ್ದಕ್ಕೆ, “ಇಷ್ಟು ವರ್ಷ ಎಲ್ಲರೂ ತಿಂದಿದ್ದೀರಿ, ಯಾರಿಗೆ ಏನಾಯಿತು?” ಎಂದರು. ವಾಟ್ಸ್‌ಆ್ಯಪ್‌ನಲ್ಲಿ ಬಂದ ಸಂದೇಶವೊಂದರಲ್ಲಿ ಇದರಿಂದ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ ಎಂದಿದೆ. ಹೊಟ್ಟೆಯಲ್ಲಿರುವ ಮಗುವಿಗೆ ತೊಂದರೆ ಆಗಿರಬಹುದೇ? ರಕ್ತ ಪರೀಕ್ಷೆ ಮಾಡಿಸಬೇಕೇ?
— ಒಬ್ಬ ತಾಯಿ, ಡೊಂಬಿವಲಿ

ಉತ್ತರ: ಮೊದಲು ನಿಮ್ಮ ಮಗಳ ವಿಷಯ. ನಾಲ್ಕು ತಿಂಗಳು ಪಾರ್ಸೆಲ್ ಸಾಂಬಾರು ತಿಂದದ್ದಕ್ಕೆ ಮಗುವಿಗೆ ಇಂಥದೇ ತೊಂದರೆ ಆಗಿದೆ ಎಂದು ಬೊಟ್ಟು ಮಾಡಿ ತೋರಿಸಬಲ್ಲ ವೈದ್ಯರಾಗಲಿ ವಿಜ್ಞಾನಿಯಾಗಲಿ ಇಲ್ಲ. ಒಬ್ಬೊಬ್ಬ ತಾಯಿಯ ಲೆಕ್ಕದಲ್ಲಿ ಈ ಅಪಾಯ ಸಣ್ಣದು. ಈ ಪತ್ರಿಕೆಯನ್ನು ಅವಳ ಮುಂದೆ ಹಿಡಿದು “ನೋಡು, ನಾನು ಹೇಳಲಿಲ್ಲವೇ” ಎಂದು ಹೆದರಿಸಬೇಡಿ. ಹಾಗೆಂದು ನಿಮ್ಮ ಭಾವನವರ ಮಾತನ್ನೂ ನಾನು ಒಪ್ಪುವುದಿಲ್ಲ. ಆಹಾರ ತುಂಬುವ ಚೀಲ, ಡಬ್ಬಿ, ಕಾಗದಗಳನ್ನು ಪರೀಕ್ಷಿಸುವುದರಲ್ಲೇ ನನ್ನ ಕೆಲಸದ ವರ್ಷಗಳು ಕಳೆದಿವೆ. ಬಿಸಿ ಸಾಂಬಾರಿಗೆ ತೆಳು ಚೀಲದಷ್ಟು ತಪ್ಪಾದ ಜೋಡಿಯನ್ನು ನಾನು ಹೆಚ್ಚು ಕಂಡಿಲ್ಲ.

ಯಾಕೆಂದು ತಿಳಿಯಲು ಪ್ರಯೋಗಾಲಯ ಬೇಕಿಲ್ಲ, ನಿಮ್ಮ ಮನೆಯ ಅಟ್ಟವೇ ಸಾಕು. ಸಾಂಬಾರು ಹಾಕಿಟ್ಟ ಹಳೆಯ ಪ್ಲಾಸ್ಟಿಕ್ ಡಬ್ಬಿ ಒಂದಾದರೂ ಅಲ್ಲಿ ಇದ್ದೇ ಇರುತ್ತದೆ. ಒಳಗೆ ಹಳದಿ ಕಲೆ. ಎಷ್ಟು ಸೋಪು ಹಾಕಿ ಉಜ್ಜಿದರೂ ಹೋಗುವುದಿಲ್ಲ. ಆ ಕಲೆ ಡಬ್ಬಿಯ ಮೇಲೆ ಇಲ್ಲ, ಡಬ್ಬಿಯ ಒಳಗೆ ಇದೆ. ಅರಿಶಿನದ ಬಣ್ಣ ಎಣ್ಣೆಯಲ್ಲಿ ಕರಗುತ್ತದೆ. ಬಿಸಿ ಒಗ್ಗರಣೆಯ ಎಣ್ಣೆ ಪ್ಲಾಸ್ಟಿಕ್ಕಿನೊಳಗೆ ಇಳಿಯುವಾಗ ಬಣ್ಣವನ್ನೂ ಜೊತೆಗೆ ಒಯ್ಯುತ್ತದೆ. ಎಣ್ಣೆ ಒಳಗೆ ಹೋಗುವ ದಾರಿ ಇದ್ದರೆ, ಪ್ಲಾಸ್ಟಿಕ್ಕಿನಲ್ಲಿ ಇದ್ದದ್ದು ಹೊರಗೆ ಬರುವ ದಾರಿಯೂ ಅದೇ. ಸ್ಟೀಲು ಡಬ್ಬಿಯಲ್ಲಿ ಅದೇ ಸಾಂಬಾರು ಹತ್ತು ವರ್ಷ ಹಾಕಿಡಿ, ಕಲೆ ಕೂರುವುದಿಲ್ಲ.

ಈ ಜಿನುಗುವಿಕೆಯನ್ನು ಹೆಚ್ಚಿಸುವುದು ನಾಲ್ಕು ಸಂಗತಿಗಳು: ಬಿಸಿ, ಎಣ್ಣೆ, ಹುಳಿ ಮತ್ತು ಹೊತ್ತು. ತಣ್ಣಗಿನ ಒಣ ಅವಲಕ್ಕಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ತಂದರೆ ಈ ನಾಲ್ಕರಲ್ಲಿ ಹೆಚ್ಚೆಂದರೆ ಒಂದು ಇರುತ್ತದೆ. ಸಾಂಬಾರಿನಲ್ಲಿ ಬಿಸಿ ಇದೆ, ಒಗ್ಗರಣೆಯ ಎಣ್ಣೆ ಇದೆ, ಹುಣಸೆಯ ಮತ್ತು ಟೊಮೆಟೊದ ಹುಳಿ ಇದೆ. ಕೌಂಟರಿನಿಂದ ನಿಮ್ಮ ಊಟದ ಮೇಜಿಗೆ ಬರುವಷ್ಟರಲ್ಲಿ ಹೊತ್ತೂ ಸೇರುತ್ತದೆ.

ಸಂಜೆ ಏಳರ ಹೊತ್ತಿಗೆ ಯಾವುದಾದರೂ ಪಾರ್ಸೆಲ್ ಕೌಂಟರಿನ ಎದುರು ಐದು ನಿಮಿಷ ನಿಂತು ನೋಡಿ. ಲೋಕಲ್ ರೈಲಿನಿಂದ ಇಳಿದವರ ಗುಂಪು, ಹುಡುಗನಿಗೆ ಪುರುಸೊತ್ತಿಲ್ಲ. ಕುದಿಯುವ ಪಾತ್ರೆಗೆ ಸೌಟು ಹಾಕಿ ನೇರ ಚೀಲಕ್ಕೆ ಸುರಿಯುತ್ತಾನೆ. ಬೀಳುತ್ತಲೇ ಚೀಲ ಮೆತ್ತಗಾಗಿ, ಭಾರಕ್ಕೆ ಜಗ್ಗಿ, ತಳದ ಮೂಲೆಗಳು ಉಬ್ಬುತ್ತವೆ. ಬಾಯಿಯನ್ನು ತಿರುಚಿ, ಗಾಳಿ ಹಿಡಿದು ದಾರ ಸುತ್ತುತ್ತಾನೆ. ಮನೆಗೆ ಬಂದು ಕತ್ತರಿಸಿ ಸುರಿದಾಗ ಚೀಲದ ಒಳಮೈಗೆ ಕೆಂಪು ಎಣ್ಣೆಯ ಗೆರೆಯೊಂದು ಅಂಟಿಕೊಂಡಿರುತ್ತದೆ, ನೀರಿಗೆ ಹೋಗುವುದಿಲ್ಲ. ತೆಳು ಚೀಲಗಳು ಸಾಮಾನ್ಯವಾಗಿ ಪಾಲಿಎಥಿಲೀನ್ ಎಂಬ ಪ್ಲಾಸ್ಟಿಕ್ಕಿನವು. ಅದರ ಮೃದು ಬಗೆ ಸುಮಾರು 105ರಿಂದ 115 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಕುದಿಯುವ ಸಾಂಬಾರು ಅದರ ಹತ್ತಿರಕ್ಕೇ ಬಂದಿರುತ್ತದೆ. ಕರಗದಿದ್ದರೂ ಮೆತ್ತಗಾದ ಪ್ಲಾಸ್ಟಿಕ್ಕಿನಲ್ಲಿ ಸಣ್ಣ ಅಣುಗಳ ಓಡಾಟ ಬಹಳ ಚುರುಕಾಗುತ್ತದೆ.

ಇಲ್ಲಿ ಒಂದು ಮಾತು ಸ್ಪಷ್ಟವಾಗಲಿ. ಆಹಾರಕ್ಕೆಂದೇ ತಯಾರಿಸಿದ ಶುದ್ಧ ಪಾಲಿಎಥಿಲೀನಿಗೆ, ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಬಳಸುವ ಬಿಸ್ಫಿನಾಲ್ ಎ ಎಂಬ ರಾಸಾಯನಿಕ ಬೇಕಿಲ್ಲ, ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡುವ ಥಾಲೇಟ್ ಎಂಬ ರಾಸಾಯನಿಕಗಳೂ ಬೇಕಿಲ್ಲ. ನನ್ನ ಆತಂಕ ಇರುವುದು ಕೈಗೆ ಬರುವ ಚೀಲ ಯಾವುದೆಂದು ಯಾರಿಗೂ ಗೊತ್ತಿಲ್ಲದಿರುವುದರಲ್ಲಿ. ಕಿಲೋ ಲೆಕ್ಕದಲ್ಲಿ ಕೊಂಡ ಕಟ್ಟಿನ ಮೇಲೆ ತಯಾರಕರ ಹೆಸರಿಲ್ಲ, ಗುರುತಿಲ್ಲ. ಹಳೆಯ ಪ್ಲಾಸ್ಟಿಕ್ ಕರಗಿಸಿ ಮಾಡಿದ್ದಾದರೆ ಅದರ ಹಿಂದಿನ ಜನ್ಮದಲ್ಲಿದ್ದ ಬಣ್ಣ, ಶಾಯಿ, ಅಂಟು, ಸೇರ್ಪಡೆಗಳೆಲ್ಲ ಅದರಲ್ಲೇ ಇರುತ್ತವೆ. ಧಾರಾವಿಯ ಗಲ್ಲಿಗಳಲ್ಲಿ ನಗರದ ಪ್ಲಾಸ್ಟಿಕ್ಕನ್ನು ಆರಿಸಿ, ತೊಳೆದು, ಕರಗಿಸಿ ಮರುಬಳಕೆಗೆ ಕೊಡುವವರ ದುಡಿಮೆಯ ಬಗ್ಗೆ ನನಗೆ ದೊಡ್ಡ ಗೌರವವಿದೆ. ಹಾಗೆ ಕರಗಿಸಿ ಮಾಡಿದ ಪ್ಲಾಸ್ಟಿಕ್ ಕಾಳುಗಳು ಬಕೆಟ್ ಆಗಲಿ, ಪೈಪ್ ಆಗಲಿ. ಸಾಂಬಾರಿನ ಚೀಲ ಮಾತ್ರ ಆಗಬಾರದು. ಕಾನೂನೂ ಇದನ್ನೇ ಹೇಳುತ್ತದೆ. ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ಪ್ಯಾಕೇಜಿಂಗ್ ನಿಯಮಗಳು ಮರುಬಳಕೆಯ ಪ್ಲಾಸ್ಟಿಕ್ ಚೀಲದಲ್ಲಿ ಆಹಾರ ಕಟ್ಟುವುದನ್ನು ನಿಷೇಧಿಸಿದವು. ವಿಶೇಷ ವಿಧಾನದಲ್ಲಿ ಶುದ್ಧೀಕರಿಸಿದ ಪೆಟ್ (ನೀರಿನ ಬಾಟಲಿಯ ಬಗೆಯ) ಪ್ಲಾಸ್ಟಿಕ್ಕಿಗೆ ಮಾತ್ರ ಆಮೇಲೆ ದಾರಿ ಬಿಟ್ಟರು. ಮಹಾರಾಷ್ಟ್ರದಲ್ಲಂತೂ 2018ರ ಜೂನ್ 23ರಿಂದಲೇ ಪ್ಲಾಸ್ಟಿಕ್ ಕೈಚೀಲಗಳ ಮೇಲೆ ನಿಷೇಧ ಜಾರಿಯಲ್ಲಿದೆ, ಮೊದಲ ತಪ್ಪಿಗೇ 5,000 ರೂಪಾಯಿ ದಂಡ. 2005ರ ಜುಲೈ 26ರ ಮಹಾಮಳೆಯಲ್ಲಿ ಪ್ಲಾಸ್ಟಿಕ್ ಚೀಲಗಳಿಂದ ಚರಂಡಿ ಕಟ್ಟಿಕೊಂಡು ಮುಂಬಯಿ ಮುಳುಗಿದ್ದನ್ನು ಕಣ್ಣಾರೆ ಕಂಡವರು ನಾವು. ಆದರೂ ಸಂಜೆಯ ಕೌಂಟರಿನಲ್ಲಿ ಆ ಚೀಲ ಇನ್ನೂ ನೇತಾಡುತ್ತಿದೆ.

ಪ್ರಯೋಗಾಲಯದಲ್ಲಿ ಇದನ್ನು ಅಳೆಯುವ ಬಗೆಯನ್ನೂ ಹೇಳಿಬಿಡುತ್ತೇನೆ. ನಾವು ನಿಜವಾದ ಸಾಂಬಾರು ಬಳಸುವುದಿಲ್ಲ, ಅದರ ಬದಲಿಗೆ ಕೆಲವು ದ್ರವಗಳನ್ನು ಇಟ್ಟುಕೊಳ್ಳುತ್ತೇವೆ. ನೀರಾದ ಆಹಾರಕ್ಕೆ ಬಟ್ಟಿ ಇಳಿಸಿದ ನೀರು, ಹುಳಿಗೆ ಶೇಕಡಾ 3ರ ಅಸಿಟಿಕ್ ಆಮ್ಲ, ಎಣ್ಣೆಗೆ ಹೆಪ್ಟೇನ್ ಎಂಬ ದ್ರಾವಕ. ಪ್ಲಾಸ್ಟಿಕ್ ತುಂಡನ್ನು ಅಳೆದು ಕತ್ತರಿಸಿ, ನಿಗದಿತ ಬಿಸಿಯಲ್ಲಿ ನಿಗದಿತ ಹೊತ್ತು ಮುಳುಗಿಸಿಟ್ಟು ತೆಗೆದು, ಆ ದ್ರವವನ್ನು ಆರಿಸಿ, ಬಟ್ಟಲಿನ ತಳದಲ್ಲಿ ಉಳಿದದ್ದನ್ನು ತೂಗುತ್ತೇವೆ. ನೀರಿನ ಬಟ್ಟಲು ಬಹುತೇಕ ಖಾಲಿಯಾಗಿ ಕಾಣುತ್ತದೆ. ಹೆಪ್ಟೇನಿನ ಬಟ್ಟಲಿನಲ್ಲಿ ಎಷ್ಟೋ ಸಲ ಮೇಣದಂಥ ಬಿಳಿ ಪೊರೆ ಕೂತಿರುತ್ತದೆ. ಭಾರತದ ನಿಯಮದ ಪ್ರಕಾರ ಹೀಗೆ ಜಿನುಗಿದ್ದು ಒಟ್ಟಾರೆ ಒಂದು ಕಿಲೋ ಆಹಾರಕ್ಕೆ 60 ಮಿಲಿಗ್ರಾಂ ಮೀರಬಾರದು. ಆದರೆ ಈ ಅಂಕಿ ಹೇಳುವುದು ತೂಕವನ್ನು ಮಾತ್ರ. ಆ ಪೊರೆಯಲ್ಲಿ ಇರುವುದು ನಿರುಪದ್ರವಿ ಮೇಣವೋ, ಹಾರ್ಮೋನನ್ನು ಅಣಕಿಸುವ ಅಣುವೋ ಎಂಬುದನ್ನು ತಕ್ಕಡಿ ಹೇಳುವುದಿಲ್ಲ. ಕೆಲವು ಲೋಹಗಳಿಗೆ, ಒಂದು ಥಾಲೇಟಿಗೆ ಪ್ರತ್ಯೇಕ ಮಿತಿಗಳಿವೆ. ಪಟ್ಟಿ ಇನ್ನೂ ಉದ್ದವಾಗಬೇಕು ಎನ್ನುವವರಲ್ಲಿ ನಾನೂ ಒಬ್ಬ.

ಇನ್ನು ಇಡ್ಲಿ. 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಇಡ್ಲಿ ಬೇಯಿಸಲು ತೆಳು ಪ್ಲಾಸ್ಟಿಕ್ ಹಾಳೆ ಬಳಸುವುದನ್ನು ನಿಷೇಧಿಸಿದ್ದು ಸರಿಯಾದ ಕ್ರಮ. ಹಿಟ್ಟು ಹುದುಗು ಬಂದು ಹುಳಿಯಾಗಿರುತ್ತದೆ. ಹತ್ತು ಹದಿನೈದು ನಿಮಿಷ 100 ಡಿಗ್ರಿ ಹಬೆಯಲ್ಲಿ ಆ ಹಾಳೆಗೇ ಅಂಟಿಕೊಂಡು ಬೇಯುತ್ತದೆ. ಹಬೆಗೆ ಹಾಳೆ ಮುದುಡಿ, ಸುಕ್ಕಿನ ಗುರುತು ಇಡ್ಲಿಯ ಬೆನ್ನ ಮೇಲೆ ಮೂಡಿರುತ್ತದೆ. ನಿಮ್ಮ ಭಾವನ ಇಡ್ಲಿಯಲ್ಲೂ ನೋಡಿ. ಆದರೆ ಡಯಾಕ್ಸಿನ್ ಎಂಬುದು ತಪ್ಪು ಮಾಹಿತಿ. ಡಯಾಕ್ಸಿನ್ ಹುಟ್ಟಬೇಕಾದರೆ ಕ್ಲೋರಿನ್ ಬೇಕು, ನೂರಾರು ಡಿಗ್ರಿಯ ಉರಿ ಬೇಕು. ಪಾಲಿಎಥಿಲೀನಿನಲ್ಲಿ ಕ್ಲೋರಿನ್ ಇಲ್ಲ, ಇಡ್ಲಿ ಪಾತ್ರೆಯಲ್ಲಿ ಉರಿ ಇಲ್ಲ. ಡಯಾಕ್ಸಿನ್ ಹೆದರಿಕೆ ಇರಬೇಕಾದದ್ದು ಬೀದಿಯ ಮೂಲೆಯಲ್ಲಿ ಬೆಳಗಿನ ಚಳಿಗೆ ಕಸದ ಜೊತೆ, ಕ್ಲೋರಿನ್ ಇರುವ ಪಿವಿಸಿ ಎಂಬ ಪ್ಲಾಸ್ಟಿಕ್ಕಿನ ತಂತಿ ಸಿಪ್ಪೆ ಸುಡುವಾಗ. ಸುಳ್ಳು ಕಾರಣ ಕೊಟ್ಟು ನಿಜವಾದ ಎಚ್ಚರಿಕೆ ಹೇಳಿದರೆ, ಕಾರಣ ಸುಳ್ಳೆಂದು ತಿಳಿದ ದಿನ ಜನ ಎಚ್ಚರಿಕೆಯನ್ನೂ ಬಿಟ್ಟುಬಿಡುತ್ತಾರೆ. ಆ ಸಂದೇಶವನ್ನು ಮುಂದಕ್ಕೆ ಕಳಿಸಬೇಡಿ.

ಹಾಗಾದರೆ ನಿಜವಾಗಿ ಹೆದರಬೇಕಾದದ್ದು ಏನಕ್ಕೆ? ನನ್ನ ಉತ್ತರ: ಹಾರ್ಮೋನಿನ ವೇಷ ಹಾಕುವ ರಾಸಾಯನಿಕಗಳಿಗೆ. ನಮ್ಮ ದೇಹದ ಹಾರ್ಮೋನುಗಳು ಅತ್ಯಲ್ಪ ಪ್ರಮಾಣದಲ್ಲಿ ಕೆಲಸ ಮಾಡುತ್ತವೆ. ಹಾಗಾಗಿ ಅವುಗಳ ವೇಷ ಹಾಕಿ ಬರುವ ಅಣುಗಳಿಗೂ ಹೆಚ್ಚಿನ ಪ್ರಮಾಣ ಬೇಕಿಲ್ಲ. ಬಿಸ್ಫಿನಾಲ್ ಎ ಸ್ತ್ರೀ ಹಾರ್ಮೋನಾದ ಈಸ್ಟ್ರೋಜನ್‌ನಂತೆ ನಡೆದುಕೊಳ್ಳುತ್ತದೆ. ಅದು ಇರುವುದು ಪಾಲಿಕಾರ್ಬೊನೇಟ್ ಎಂಬ ಗಟ್ಟಿ ಪಾರದರ್ಶಕ ಪ್ಲಾಸ್ಟಿಕ್ಕಿನಲ್ಲಿ, ತಗಡಿನ ಡಬ್ಬಿಗಳ ಒಳಲೇಪದಲ್ಲಿ. ಕಚೇರಿಗಳಿಗೆ ಟೆಂಪೋದಲ್ಲಿ ಬಿಸಿಲು ಕಾಯಿಸಿಕೊಂಡು ಬರುವ 20 ಲೀಟರಿನ ನೀಲಿ ನೀರಿನ ಜಾಡಿಗಳಲ್ಲಿ ಬಹಳಷ್ಟು ಪಾಲಿಕಾರ್ಬೊನೇಟಿನವು. ಅಂಗಡಿಯ ಬಿಲ್ಲಿನ ನುಣುಪು ಕಾಗದದಲ್ಲೂ ಅದನ್ನು ಬಳಸುತ್ತಾರೆ, ಅಲ್ಲಿಂದ ಚರ್ಮದ ಮೂಲಕವೂ ದೇಹ ಸೇರುತ್ತದೆ.

ಇದರ ಬಗ್ಗೆ ವಿಜ್ಞಾನದ ತಿಳಿವಳಿಕೆ ಎಷ್ಟು ಬದಲಾಯಿತು ಎಂಬುದಕ್ಕೆ ಒಂದೇ ಲೆಕ್ಕ ಸಾಕು. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2015ರಲ್ಲಿ, ದೇಹದ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 4 ಮೈಕ್ರೊಗ್ರಾಂ ಬಿಸ್ಫಿನಾಲ್ ಎ ಆದರೂ ಪರವಾಗಿಲ್ಲ ಎಂದಿತ್ತು. 2023ರ ಏಪ್ರಿಲ್‌ನಲ್ಲಿ ಅದೇ ಪ್ರಾಧಿಕಾರ ಆ ಮಿತಿಯನ್ನು 0.2 ನ್ಯಾನೊಗ್ರಾಂಗೆ ಇಳಿಸಿತು. ಅಂದರೆ ಇಪ್ಪತ್ತು ಸಾವಿರ ಪಟ್ಟು ಕಡಿಮೆ. ಜರ್ಮನಿಯ ಅಪಾಯ ಮೌಲ್ಯಮಾಪನ ಸಂಸ್ಥೆ ಇದನ್ನು ಅತಿಯಾಯಿತು ಎಂದು ವಾದಿಸಿ ತನ್ನದೇ ಮಿತಿ ಕೊಟ್ಟಿತು, ಅದು ಕೂಡ ಹಳೆಯದಕ್ಕಿಂತ 20 ಪಟ್ಟು ಕಡಿಮೆಯೇ. ಎಷ್ಟು ಎಂಬುದರಲ್ಲಿ ಜಗಳವಿದೆ, ಯಾವ ದಿಕ್ಕಿಗೆ ಎಂಬುದರಲ್ಲಿ ಇಲ್ಲ. 2025ರ ಜನವರಿಯಿಂದ ಯುರೋಪು ಆಹಾರ ತಗುಲುವ ವಸ್ತುಗಳಲ್ಲಿ ಬಿಸ್ಫಿನಾಲ್ ಎ ನಿಷೇಧಕ್ಕೆ ತೊಡಗಿದೆ. ಪೇಟೆಯಲ್ಲಿ ‘ಬಿಪಿಎ (ಅಂದರೆ ಬಿಸ್ಫಿನಾಲ್ ಎ) ಇಲ್ಲ’ ಎಂದು ಬರೆದ ಬಾಟಲಿ ಕಂಡರೆ ತಟ್ಟನೆ ನಂಬಬೇಡಿ. ಕೆಲವದರಲ್ಲಿ ಅದರ ಜಾಗಕ್ಕೆ ಬಂದಿರುವುದು ಅದರ ದಾಯಾದಿಯಾದ ಬಿಸ್ಫಿನಾಲ್ ಎಸ್, ರಚನೆಯಲ್ಲೂ ನಡತೆಯಲ್ಲೂ ಬಹಳ ಹತ್ತಿರದ್ದು.

ಗರ್ಭಿಣಿಯರ ವಿಷಯದಲ್ಲಿ ನನಗೆ ಇದಕ್ಕಿಂತ ಹೆಚ್ಚು ಕಳವಳ ಥಾಲೇಟ್‌ಗಳದ್ದು. ಪಿವಿಸಿಯನ್ನು ಮೆತ್ತಗೆ ಮಾಡಲು ಹಾಕುವ ಎಣ್ಣೆಯಂಥ ದ್ರವಗಳು ಇವು. ಅಂಟಿಕೊಳ್ಳುವ ಪಾರದರ್ಶಕ ಹಾಳೆ, ಬಾಟಲಿ ಮುಚ್ಚಳದ ಒಳಗಿನ ಪದರ, ಮುದ್ರಣದ ಶಾಯಿ, ಅಡುಗೆಮನೆಯಲ್ಲಿ ಹಾಕುವ ಪಿವಿಸಿ ಕೈಗವಸು, ಎಣ್ಣೆ ಹಾಯುವ ಕೊಳವೆ, ಹೀಗೆ ಎಲ್ಲೆಲ್ಲೋ ಇರುತ್ತವೆ. ಇವು ಪುರುಷ ಹಾರ್ಮೋನಿನ ಕೆಲಸಕ್ಕೆ ಅಡ್ಡ ಬರುತ್ತವೆ. ಗಂಡು ಮಗುವಿನ ಅಂಗಾಂಗ ರೂಪುಗೊಳ್ಳುವ ಮೊದಲ ತಿಂಗಳುಗಳಲ್ಲಿ ಆ ಹಾರ್ಮೋನಿನ ಕೆಲಸ ಬಹಳ ಮುಖ್ಯ. ಅಮೆರಿಕದಲ್ಲಿ 16 ಅಧ್ಯಯನಗಳ 6,045 ಗರ್ಭಿಣಿಯರ ಮಾಹಿತಿ ಒಟ್ಟುಗೂಡಿಸಿ 2022ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ಮೂತ್ರದಲ್ಲಿ ಕೆಲವು ಥಾಲೇಟ್‌ಗಳ ಕುರುಹು ಹೆಚ್ಚಿದ್ದವರಲ್ಲಿ ಅವಧಿಗೆ ಮುನ್ನ ಹೆರಿಗೆಯಾಗುವ ಸಂಭವ ಸ್ವಲ್ಪ ಹೆಚ್ಚಿತ್ತು. ಹೆಚ್ಚಿದ್ದವರಿಗೆಲ್ಲ ಹಾಗಾಯಿತು ಎಂದಲ್ಲ, ಇದೊಂದೇ ಕಾರಣ ಎಂದೂ ಅಲ್ಲ. ಆದರೂ ಆ ‘ಸ್ವಲ್ಪ’ವನ್ನು ಇಡೀ ನಗರದ ಬಸುರಿಯರ ಮೇಲೆ ಹರಡಿ ಯೋಚಿಸಿದಾಗ ಅದು ನನಗೆ ಸಣ್ಣದಾಗಿ ಕಾಣುವುದಿಲ್ಲ.

“ಯಾರಿಗೆ ಏನಾಯಿತು?” ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ. ಈ ರಾಸಾಯನಿಕಗಳು ಹಳಸಿದ ಚಟ್ನಿಯಂತೆ ರಾತ್ರಿಯೇ ವಾಂತಿ ಮಾಡಿಸುವುದಿಲ್ಲ. ಸಾವಿರ ಜನರಲ್ಲಿ ಹತ್ತು ಜನರಿಗೆ ಬರಬೇಕಿದ್ದ ಕಾಯಿಲೆ ಹನ್ನೊಂದು ಜನರಿಗೆ ಬಂದರೆ, ಆ ಹನ್ನೊಂದನೆಯವರು ಯಾರೆಂದು ಮನೆಯವರಿಗೆ ಗೊತ್ತಾಗುವುದಿಲ್ಲ, ಡಾಕ್ಟರಿಗೂ ಗೊತ್ತಾಗುವುದಿಲ್ಲ. ನಮ್ಮ ಕಾಲದ ಮುಂಬಯಿಯನ್ನು ನೆನೆಯಿರಿ. ಪೆಟ್ರೋಲಿನಲ್ಲಿ ಸೀಸ ಬೆರೆಸುತ್ತಿದ್ದರು. ಸೀಸದ ಹೊಗೆ ಕುಡಿದು ದಾದರಿನ ಸೇತುವೆಯ ಮೇಲೆ ಯಾರೂ ಕುಸಿದು ಬೀಳಲಿಲ್ಲ. ಆದರೂ ಅದು ಮಕ್ಕಳ ಮಿದುಳಿಗೆ ಕೇಡು ಮಾಡುತ್ತಿತ್ತು ಎಂದು ಇಂದು ಯಾರೂ ಅನುಮಾನಿಸುವುದಿಲ್ಲ. 1995ರಲ್ಲಿ ಮಹಾನಗರಗಳಿಗೆ ಸೀಸವಿಲ್ಲದ ಪೆಟ್ರೋಲ್ ಬಂತು, 2000ದಲ್ಲಿ ದೇಶವಿಡೀ ಸೀಸ ನಿಂತಿತು. ಪ್ಲಾಸ್ಟಿಕ್ಕಿನ ಕಥೆ ಅಷ್ಟು ಖಚಿತವಾಗಿಲ್ಲ, ಒಪ್ಪುತ್ತೇನೆ. ಆದರೆ ಸುಳಿವುಗಳು ದಟ್ಟವಾಗುತ್ತಿವೆ. 2024ರಲ್ಲಿ ಇಟಲಿಯ ವೈದ್ಯರು ಕುತ್ತಿಗೆಯ ರಕ್ತನಾಳದಿಂದ ತೆಗೆದ ಕೊಬ್ಬಿನ ಗಂಟುಗಳನ್ನು ಪರೀಕ್ಷಿಸಿದಾಗ 257 ಜನರಲ್ಲಿ 150 ಜನರ ಗಂಟಿನಲ್ಲಿ ಪಾಲಿಎಥಿಲೀನಿನ ಸೂಕ್ಷ್ಮ ಕಣಗಳಿದ್ದವು. ಸುಮಾರು ಮೂರು ವರ್ಷ ಅವರ ಆರೋಗ್ಯ ಗಮನಿಸಿದರೆ, ಕಣಗಳಿದ್ದವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಅಥವಾ ಸಾವು ಹಲವು ಪಟ್ಟು ಹೆಚ್ಚು ಕಂಡಿತು. ಕಣಗಳೇ ಕಾರಣ ಎಂದು ಆ ಅಧ್ಯಯನ ಸಾಧಿಸಿಲ್ಲ. ಹಾಗೆಂದು ಅದನ್ನು ಓದಿದ ಮೇಲೂ ಕುದಿಯುವ ಸಾಂಬಾರನ್ನು ಪಾಲಿಎಥಿಲೀನಿಗೆ ಸುರಿಯಲು ನನಗೆ ಮನಸ್ಸು ಬರುವುದಿಲ್ಲ.

ನಿಮ್ಮ ಮಗಳಿಗೆ ನಾನು ಹೇಳಬೇಕೆಂದಿರುವ ಒಳ್ಳೆಯ ಸುದ್ದಿ ಇದು: ಬಿಸ್ಫಿನಾಲ್ ಎ ಮತ್ತು ಥಾಲೇಟ್‌ಗಳು ದೇಹದಲ್ಲಿ ಮನೆ ಮಾಡಿಕೊಂಡು ಕೂರುವುದಿಲ್ಲ. ಒಂದೆರಡು ದಿನಗಳಲ್ಲಿ ಬಹುಪಾಲು ಮೂತ್ರದ ಮೂಲಕ ಹೊರಟುಹೋಗುತ್ತವೆ. ನಾವು ದಿನಾ ಹೊಸದಾಗಿ ತುಂಬುವುದರಿಂದಲೇ ಅವು ಸದಾ ಇರುವುದು. 2011ರಲ್ಲಿ ಪ್ರಕಟವಾದ ಅಮೆರಿಕದ ಸಣ್ಣ ಪ್ರಯೋಗವೊಂದರಲ್ಲಿ ಐದು ಕುಟುಂಬಗಳ 20 ಜನರಿಗೆ ಮೂರು ದಿನ ಪ್ಲಾಸ್ಟಿಕ್ ಮತ್ತು ತಗಡಿನ ಡಬ್ಬಿಯ ಸೋಂಕಿಲ್ಲದ ತಾಜಾ ಅಡುಗೆ ಕೊಟ್ಟರು. ಮೂತ್ರದಲ್ಲಿ ಬಿಸ್ಫಿನಾಲ್ ಎ ಸರಾಸರಿ ಮೂರನೇ ಎರಡರಷ್ಟು ಇಳಿಯಿತು, ಮುಖ್ಯ ಥಾಲೇಟಿನ ಕುರುಹು ಅರ್ಧಕ್ಕಿಂತ ಹೆಚ್ಚು ಇಳಿಯಿತು. ಮೂರೇ ದಿನ! ಇಂದು ಸೋಮವಾರವಾದರೆ ಗುರುವಾರದ ಹೊತ್ತಿಗೆ ನಿಮ್ಮ ಮಗಳ ದೇಹದಲ್ಲೂ ಲೆಕ್ಕ ಬದಲಾಗಬಹುದು. ಅವಳ ಮುಂದೆ ಇನ್ನೂ ಐದು ತಿಂಗಳಿವೆ.

ಅದಕ್ಕೆ ಅವಳು ಇಡ್ಲಿ ಸಾಂಬಾರು ಬಿಡಬೇಕಿಲ್ಲ. ಬಸುರಿಯಲ್ಲಿ ಮನಸ್ಸಿಗೆ ಒಗ್ಗಿದ್ದನ್ನು ತಿನ್ನಲಿ. ಕೈಚೀಲದಲ್ಲಿ ಎರಡು ಸ್ಟೀಲು ಡಬ್ಬಿ ಇಟ್ಟುಕೊಂಡರೆ ಸಾಕು, ಒಂದು ಬಿಗಿ ಮುಚ್ಚಳದ್ದು. ಸಾಂಬಾರು ನೇರ ಅದಕ್ಕೇ ಬೀಳಲಿ. ಚೀಲಕ್ಕೆ ಸುರಿದು ಆಮೇಲೆ ಡಬ್ಬಿಗೆ ಬಗ್ಗಿಸಿದರೆ ಪ್ರಯೋಜನವಿಲ್ಲ. ಈ ನಗರಕ್ಕೆ ಡಬ್ಬಿ ಹೊಸದೇ? 1890ರಿಂದ ಡಬ್ಬಾವಾಲಾಗಳು ಮನೆಯ ಅಡುಗೆಯನ್ನು ಲೋಹದ ಡಬ್ಬಿಯಲ್ಲಿ ಹೊತ್ತು, ಖಾಲಿ ಡಬ್ಬಿಯನ್ನು ಅದೇ ದಿನ ಮನೆಗೆ ಮುಟ್ಟಿಸುತ್ತ ಬಂದಿದ್ದಾರೆ.

ಉಳಿದ ಪಾತ್ರೆಗಳ ಬಗ್ಗೆ ಸಂಕ್ಷೇಪವಾಗಿ ಹೇಳುತ್ತೇನೆ. ಅಲ್ಯೂಮಿನಿಯಂ ಹಾಳೆಯ ಡಬ್ಬಿ ಪಲಾವಿಗೆ, ಒಣ ಪಲ್ಯಕ್ಕೆ ಆದೀತು. ಸಾಂಬಾರು, ರಸಂ, ಟೊಮೆಟೊ ಗೊಜ್ಜಿಗೆ ಬೇಡ, ಹುಳಿ ಉಪ್ಪು ಸೇರಿ ಲೋಹವನ್ನು ಕರಗಿಸುತ್ತವೆ. ಥರ್ಮಾಕೋಲ್ ಬಟ್ಟಲು ಬಿಸಿಗೆ ಖಂಡಿತ ಬೇಡ. ಅದರ ಮೂಲವಾದ ಸ್ಟೈರೀನನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2018ರಲ್ಲಿ ಮನುಷ್ಯರಿಗೆ ಕ್ಯಾನ್ಸರ್ ತರುವ ಸಂಭವ ಇರುವ ವರ್ಗಕ್ಕೆ ಸೇರಿಸಿದೆ. ವಡಾಪಾವ್ ಸುತ್ತುವ ಪತ್ರಿಕೆಯ ಕಾಗದದ ಶಾಯಿ ಬಿಸಿ ಎಣ್ಣೆಯಲ್ಲಿ ಕರಗಿ ವಡೆಯ ಮೇಲೆ ಅಕ್ಷರ ಮೂಡುವುದನ್ನು ನೀವೇ ನೋಡಿರುತ್ತೀರಿ. ಆ ಶಾಯಿಯಲ್ಲಿ ಸೀಸದಂಥ ಲೋಹಗಳೂ ಇರಬಹುದು, 2018ರ ನಿಯಮದಲ್ಲಿ ಇದಕ್ಕೂ ನಿಷೇಧವಿದೆ. ಕಪ್ಪು ಪ್ಲಾಸ್ಟಿಕ್ ಡಬ್ಬಿಯ ಬಗ್ಗೆ ಒಂದು ತಿದ್ದುಪಡಿ: 2024ರಲ್ಲಿ ಅದರಲ್ಲಿ ಹಳೆಯ ಎಲೆಕ್ಟ್ರಾನಿಕ್ ವಸ್ತುಗಳ ಬೆಂಕಿ ತಡೆಯುವ ರಾಸಾಯನಿಕಗಳಿವೆ ಎಂಬ ಅಧ್ಯಯನ ದೊಡ್ಡ ಸುದ್ದಿಯಾಯಿತು. ಅದರಲ್ಲಿ ಒಂದು ಸೊನ್ನೆ ತಪ್ಪಿ, ಅಪಾಯ ಹತ್ತು ಪಟ್ಟು ಹೆಚ್ಚಾಗಿ ಕಂಡಿತ್ತು, ಲೇಖಕರೇ ತಿದ್ದಿದರು. ಆ ರಾಸಾಯನಿಕಗಳು ಇದ್ದದ್ದು ಮಾತ್ರ ನಿಜ. ಕಪ್ಪು ಡಬ್ಬಿಯಲ್ಲಿ ಬಿಸಿ ಬಂದರೆ ಬೇಗ ಬೇರೆ ಪಾತ್ರೆಗೆ ಬಗ್ಗಿಸಿ, ಆ ಡಬ್ಬಿಯನ್ನು ಮತ್ತೆ ಅಡುಗೆಮನೆಯಲ್ಲಿ ಇಟ್ಟುಕೊಳ್ಳಬೇಡಿ.

ಚಹಾದ ಕಾಗದದ ಲೋಟ ಪ್ಲಾಸ್ಟಿಕ್ ಅಲ್ಲ ಎಂಬ ನಂಬಿಕೆ ಬಹಳ ಜನರಲ್ಲಿದೆ. ಅದರ ಒಳಗೆ ತೆಳು ಪ್ಲಾಸ್ಟಿಕ್ ಪದರವಿದೆ, ಇಲ್ಲದಿದ್ದರೆ ಚಹಾ ಸೋರಿಹೋಗುತ್ತಿತ್ತು. ಐಐಟಿ ಖರಗ್‌ಪುರದ ಸಂಶೋಧಕರು 85–90 ಡಿಗ್ರಿಯ 100 ಮಿಲಿಲೀಟರ್ ನೀರನ್ನು ಅಂಥ ಲೋಟದಲ್ಲಿ 15 ನಿಮಿಷ ಇಟ್ಟಾಗ ಸುಮಾರು 25,000 ಸೂಕ್ಷ್ಮ ಕಣಗಳು ನೀರಿಗೆ ಸೇರಿದ್ದವು. ಕಟಿಂಗ್ ಚಹಾ ಗಾಜಿನ ಲೋಟದಲ್ಲೇ ಕುಡಿಯಲಿ. ಜಿಡ್ಡು ಹಿಡಿಯದ ಕಾಗದದ ಪೊಟ್ಟಣಗಳಲ್ಲಿ ಬಳಸಿದ ಫ್ಲೋರಿನ್ ರಾಸಾಯನಿಕಗಳದ್ದು ಬೇರೆಯೇ ಸ್ವಭಾವ. ಬಿಸ್ಫಿನಾಲ್‌ನಂತೆ ಎರಡು ದಿನದಲ್ಲಿ ಹೋಗುವಂಥವಲ್ಲ, ಅವುಗಳಲ್ಲಿ ಕೆಲವು ದೇಹದಲ್ಲಿ ವರ್ಷಗಟ್ಟಲೆ ಉಳಿಯುತ್ತವೆ. ಡೆನ್ಮಾರ್ಕ್ 2020ರಲ್ಲೇ ಕಾಗದದ ಆಹಾರ ಪೊಟ್ಟಣಗಳಲ್ಲಿ ಅವನ್ನು ನಿಲ್ಲಿಸಿತು.

ನಮ್ಮವರು ಬೇಸರಪಟ್ಟುಕೊಂಡರೂ ಅಡಿಕೆ ಹಾಳೆಯ ತಟ್ಟೆಯ ಮಾತನ್ನು ಹೇಳಲೇಬೇಕು. ಅಡಿಕೆಯಲ್ಲಿರುವ ಕ್ಷಾರಾಭಗಳೆಂಬ ಸಸ್ಯ ರಾಸಾಯನಿಕಗಳು ಹಾಳೆಯಿಂದಲೂ ಆಹಾರಕ್ಕೆ ಸೇರಬಹುದು ಎಂದು ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ 2025ರಲ್ಲಿ ಎಚ್ಚರಿಸಿದೆ. ಮದುವೆ ಮನೆಯಲ್ಲಿ ಒಂದು ಹೊತ್ತು ಉಂಡರೆ ನಾನು ಚಿಂತಿಸುವುದಿಲ್ಲ. ದಿನನಿತ್ಯದ ಬಿಸಿ ಊಟಕ್ಕೆ, ಅದರಲ್ಲೂ ಬಸುರಿಗೆ, ಬಾಳೆ ಎಲೆಯೇ ಇರಲಿ.

ನಿಮ್ಮ ಭಾವನವರಿಗೆ ಇದನ್ನು ಜಗಳವಿಲ್ಲದೆ ಹೇಳುವ ದಾರಿ ಇದೆ. ಅವರು ದುಷ್ಟರಲ್ಲ. ಹಾಳೆ ಹಾಕಿದರೆ ಇಡ್ಲಿ ಅಂಟುವುದಿಲ್ಲ, ತಟ್ಟೆ ತೊಳೆಯುವ ಕೆಲಸ ಉಳಿಯುತ್ತದೆ, ಹುಡುಗರ ಅಭಾವದಲ್ಲಿ ಅದು ಅವರಿಗೆ ದೊಡ್ಡ ಅನುಕೂಲ. ಮೊದಲು ಇಡ್ಲಿ ತಟ್ಟೆಗೆ ಬಿಳಿ ಬಟ್ಟೆ ಹಾಸುತ್ತಿದ್ದರು. ದಿನವೂ ಕುದಿಸಿ ಒಣಗಿಸುವ ಬಟ್ಟೆ ಇಂದಿಗೂ ಒಳ್ಳೆಯದು. ಅದೂ ಕಷ್ಟವೆಂದರೆ ಬಾಳೆ ಎಲೆಯ ತುಂಡು. ಹಲಸಿನ ಎಲೆಯ ಕೊಟ್ಟೆಯಲ್ಲಿ, ಮುಂಡುಗದ ಓಲೆಯ ಮೂಡೆಯಲ್ಲಿ ಹಿಟ್ಟು ಹೊಯ್ದು ಬೇಯಿಸುವ ಊರಿನವರು ನಾವು. ಬೇಯಿಸಿದ ಪಾತ್ರೆಯಲ್ಲೇ ಕಟ್ಟಿಕೊಡುವ ವಿದ್ಯೆ ಅವರ ಮನೆಯಲ್ಲೇ ಇದೆ. ಡಬ್ಬಿ ತಂದವರಿಗೆ ಬಿಲ್ಲಿನಲ್ಲಿ ಒಂದೆರಡು ರೂಪಾಯಿ ಬಿಡಲಿ. ದಿನಾ ಬರುವ ಗಿರಾಕಿಗಳಿಗೆ ಠೇವಣಿ ಇರಿಸಿಕೊಂಡು ಸ್ಟೀಲು ಡಬ್ಬಿ ಕೊಡಲಿ. ಪ್ಲಾಸ್ಟಿಕ್ ಡಬ್ಬಿ ಕೊಡಲೇಬೇಕಾದರೆ ತಳದಲ್ಲಿ ತ್ರಿಕೋನದೊಳಗೆ 5 ಎಂದಿರುವ ಪಾಲಿಪ್ರೊಪಿಲೀನ್ ಇರಲಿ. ಅದು ಕರಗಲು ಸುಮಾರು 160 ಡಿಗ್ರಿ ಬೇಕು. ಮಾರುವವರ ಹತ್ತಿರ ಭಾರತೀಯ ಮಾನದಂಡವಾದ ಐಎಸ್ 9845 ಪ್ರಕಾರ ಪರೀಕ್ಷೆ ಮಾಡಿಸಿದ ಪತ್ರ ಕೇಳಲಿ. ಹೋಟೆಲಿನವರು ಕೇಳುವುದಿಲ್ಲ ಎಂದೇ ಅವರು ಕೊಡುವುದಿಲ್ಲ.

ಸಾಂಬಾರು ಆರಿದ ಮೇಲೆ ಚೀಲಕ್ಕೆ ಹಾಕಿದರಾಗದೇ ಎಂದು ಅವರು ಕೇಳಬಹುದು. ಬೇಡ. ಬೆಚ್ಚಗೆ ಗಂಟೆಗಟ್ಟಲೆ ಕೂತ ಬೇಳೆಯ ಸಾರು ಸೂಕ್ಷ್ಮಜೀವಿಗಳಿಗೆ ಔತಣ. ಗರ್ಭಿಣಿಗೆ ಕೆಟ್ಟ ಆಹಾರದ ಅಪಾಯ ಈ ಯಾವ ರಾಸಾಯನಿಕಕ್ಕಿಂತಲೂ ಹತ್ತಿರದ್ದು. ಬಿಸಿಯಾದದ್ದು 60 ಡಿಗ್ರಿಗಿಂತ ಮೇಲೆಯೇ ಇರಲಿ, ಲೋಹದ ಡಬ್ಬಿಗೆ ಬೀಳಲಿ, ಮನೆಗೆ ಬಂದ ಕೂಡಲೇ ಊಟವಾಗಲಿ.

ನೀವು ಕೇಳದ ಒಂದು ವಿಷಯ, ನಮ್ಮೆಲ್ಲರ ಮನೆಯದು. ಊರಿನಿಂದ ರಾತ್ರಿ ಬಸ್ಸಿನಲ್ಲಿ ಬರುವ ಪೆಟ್ಟಿಗೆಯಲ್ಲಿ ತಂಪುಪಾನೀಯದ ಖಾಲಿ ಬಾಟಲಿಗೆ ತುಂಬಿದ ತೆಂಗಿನೆಣ್ಣೆ, ಹಳೆಯ ಪ್ಲಾಸ್ಟಿಕ್ ಜಾಡಿಗೆ ಒತ್ತಿ ತುಂಬಿದ ಮಿಡಿ ಉಪ್ಪಿನಕಾಯಿ ಇರುತ್ತವೆ. ಉಪ್ಪಿನಕಾಯಿಯಲ್ಲಿ ಬಿಸಿ ಇಲ್ಲ, ಆದರೆ ಎಣ್ಣೆ, ಹುಳಿ, ಉಪ್ಪು ಸೇರಿ ವರ್ಷವಿಡೀ ಕೂರುತ್ತವೆ. ಬಂದ ದಿನವೇ ಗಾಜಿನ ಜಾಡಿಗೆ ಅಥವಾ ಭರಣಿಗೆ ಬದಲಾಯಿಸಿ. ಹೊಸ ಭರಣಿ ಕೊಳ್ಳುವಾಗ ಒಳಮೈಗೆ ಬಣ್ಣದ ಚಿತ್ತಾರ ಇರುವುದನ್ನು ಬಿಡಿ, ಕೆಲವು ಮೆರುಗಿನಲ್ಲಿ ಸೀಸ ಇರುತ್ತದೆ. ನೀರು ಬಾರದ ದಿನಕ್ಕೆಂದು ತಂದಿಟ್ಟ ನೀಲಿ ಡ್ರಮ್ಮು ಸೆಕೆಂಡ್ ಹ್ಯಾಂಡ್ ಆಗಿದ್ದರೆ ಅದರಲ್ಲಿ ಮೊದಲು ಏನಿತ್ತೆಂದು ಯಾರಿಗೂ ಗೊತ್ತಿರುವುದಿಲ್ಲ. ಆ ನೀರು ಬಟ್ಟೆ ಒಗೆಯಲು ಮಾತ್ರ.

ನೀವು ಕೇಳಿದ ರಕ್ತ ಪರೀಕ್ಷೆ ಬೇಡ. ಬಿಸ್ಫಿನಾಲ್, ಥಾಲೇಟ್‌ಗಳ ಮಟ್ಟ ಬೆಳಗಿನಿಂದ ಸಂಜೆಗೆ ಬದಲಾಗುತ್ತದೆ. ಒಂದು ದಿನದ ಅಂಕಿ ನೋಡಿ ಯಾವ ವೈದ್ಯರೂ ಬೇರೆ ಚಿಕಿತ್ಸೆ ಕೊಡುವುದಿಲ್ಲ. ವೈದ್ಯರು ಬರೆದುಕೊಟ್ಟ ಕಬ್ಬಿಣದ ಮಾತ್ರೆ, ನಿಗದಿತ ಸ್ಕ್ಯಾನ್ ತಪ್ಪದಿರಲಿ, ಹಣವನ್ನು ಅದಕ್ಕೆ ಇಡಿ. ಮಗು ಹುಟ್ಟಿದ ಮೇಲೆ ತಾಯಿಯ ಹಾಲೇ ಸಾಕಾಗಲಿ. ಬಾಟಲಿ ಬೇಕಾಗಿ ಬಂದರೆ ಗಾಜಿನದು ಅಥವಾ ಸ್ಟೀಲಿನದು ಕೊಳ್ಳಿ. ಪಾಲಿಪ್ರೊಪಿಲೀನ್ ಬಾಟಲಿಯಲ್ಲಿ ಬಿಸಿ ನೀರು ಹಾಕಿ ಹಾಲು ಕಲಸಿದಾಗ ಲೀಟರಿಗೆ 1.6 ಕೋಟಿವರೆಗೆ ಸೂಕ್ಷ್ಮ ಕಣಗಳು ಬರುವುದನ್ನು ಡಬ್ಲಿನ್‌ನ ಸಂಶೋಧಕರು 2020ರಲ್ಲಿ ಅಳೆದಿದ್ದಾರೆ. ಮನೆಯಲ್ಲಿ ಅದೇ ಬಾಟಲಿ ಇದ್ದರೆ ಅದನ್ನು ಕುದಿಸಿದ ಮೇಲೆ ಬೇರೆ ಪಾತ್ರೆಯಲ್ಲಿ ಕಾಯಿಸಿ ಆರಿಸಿದ ನೀರಿನಿಂದ ಎರಡು ಮೂರು ಸಲ ಜಾಲಿಸಿ. ಪುಡಿ ಹಾಲನ್ನು ಪೊಟ್ಟಣದಲ್ಲಿ ಹೇಳಿದಷ್ಟು ಬಿಸಿ ನೀರಿನಲ್ಲೇ, ಆದರೆ ಸ್ಟೀಲು ಪಾತ್ರೆಯಲ್ಲಿ ಕಲಸಿ, ಮೈಬಿಸಿಗೆ ಇಳಿದ ಮೇಲೆ ಬಾಟಲಿಗೆ ಸುರಿಯಿರಿ, ಕೂಡಲೇ ಕುಡಿಸಿ.